ಸಾಹೇಬರ ಗಂಟಲು

"ಇನ್ನೊಂದ್ಸಲ ನೋಡೋಣ ಸಾರ್" ಎಂದು ಸೌಂಡ್ ಇಂಜಿನಿಯರಮ್ಮ ಗಾಜಿನ ಆಚೆಯಿಂದ ಹೇಳಿದಾಗ ಸಾಹೇಬರಿಗೆ ಅಳು ಬರುವುದೊಂದು ಬಾಕಿ. ಬೆಳಗಿನಿಂದ ಡಬ್ಬಿಂಗ್ ಕೋಣೆಯಲ್ಲಿ ನಿಂತು ನಿಂತು ಕಾಲು ಸೋತಿತ್ತು. ಎದುರಿನ ಪರದೆಯ ಮೇಲೆ ಅವರದೇ ಮುಖ. ಆಸ್ಪತ್ರೆಯ ಮಂಚದ ಪಕ್ಕ ಕೂತು, ಮಲಗಿದ ಹೆಂಡತಿಯ ಕೈ ಹಿಡಿದು, "ಹೆದರಬೇಡ, ನಾನಿದ್ದೀನಿ" ಅನ್ನುವ ದೃಶ್ಯ. ಮಾತೇನೋ ತುಟಿಗೆ ಸರಿಯಾಗಿ ಕೂರುತ್ತಿತ್ತು. ಆದರೆ ಕಣ್ಣು ಮುಚ್ಚಿ ಕೇಳಿದರೆ ಪೊಲೀಸಿನವರು ಯಾರನ್ನೋ ಗದರಿಸಿದ ಹಾಗಿತ್ತು.

ಸಾಹೇಬರು ಎಂದರೆ ಯಾವ ಕಚೇರಿಯ ಸಾಹೇಬರೂ ಅಲ್ಲ. ಚಿತ್ರಗಳಲ್ಲಿ ಪೊಲೀಸ್ ಅಧಿಕಾರಿಯ ಪಾತ್ರ ಮಾಡೀ ಮಾಡೀ ಆ ಹೆಸರು ಅಂಟಿಕೊಂಡ ನಟ. ಆರಡಿ ಆಳು, ಬಾಗಿಲು ತುಂಬುವಂಥ ಭುಜ. ಇಷ್ಟೆಲ್ಲ ಧಾರಾಳವಾಗಿ ಕೊಟ್ಟ ದೇವರು ಗಂಟಲಿನ ವಿಷಯಕ್ಕೆ ಬಂದಾಗ ಮಾತ್ರ ಕೈ ಬಿಗಿಹಿಡಿದಿದ್ದ. ಮೊದಲ ಚಿತ್ರದ ನಿರ್ದೇಶಕ ಅವರ ಮಾತು ಕೇಳಿ, ಇಂಥ ಮೈಗೆ ಇಂಥ ಪೀಪಿಯೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಕಂಠನನ್ನು ಕರೆಸಿದ್ದ. ಕಂಠ ಡಬ್ಬಿಂಗ್ ಕಲಾವಿದ. ಕುಳ್ಳ, ಒಣಕಲ, ಬಾಯಿ ಬಿಟ್ಟರೆ ಗುಡುಗು. ಅಂದಿನಿಂದ ಸಾಹೇಬರು ತೆರೆಯ ಮೇಲೆ ಆಡಿದ್ದೆಲ್ಲ ಅವನ ಧ್ವನಿಯಲ್ಲೇ. ಇನ್ನೊಬ್ಬರು ನಗುವುದು ಬೇಡವೆಂದು ಸಾಹೇಬರು ಮನೆಯ ಹೊರಗೂ ಗಂಟಲು ಅದುಮಿ, ಅವನ ಹಾಗೇ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಅಂಗಡಿಯಲ್ಲಿ ಸೋಪು ಕೇಳುವಾಗಲೂ ಅದೇ ಗುಡುಗು. ಆ ಮೊದಲ ನಿರ್ದೇಶಕನನ್ನು ಬಿಟ್ಟರೆ ಅಸಲಿ ಧ್ವನಿ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಕಂಠನಿಗೆ ಮಾತ್ರ.

ಈಗ ಆ ಕಂಠನ ಗಂಟಲಿಗೇ ಆಪರೇಷನ್ ಆಗಿ, ಮಾತೆಲ್ಲ ಪಿಸುಮಾತಾಗಿತ್ತು. ನಿರ್ಮಾಪಕರು ಹೊಸ ಡಬ್ಬಿಂಗ್ ಕಲಾವಿದನೊಬ್ಬನನ್ನು ಗೊತ್ತು ಮಾಡಿಯೇ ಬಿಟ್ಟಿದ್ದರು. ಆದರೆ ಸಾಹೇಬರಿಗೆ ಈ ವಯಸ್ಸಿನಲ್ಲಿ ಮತ್ತೊಬ್ಬನ ಧ್ವನಿಗೆ ಬಾಯಾಡಿಸುವ ಮನಸ್ಸಿರಲಿಲ್ಲ. ಪಾತ್ರವೂ ಅಂಥಿಂಥದ್ದಲ್ಲ, ಬಂದೂಕು ಕೆಳಗಿಟ್ಟು, ಮುದುಕನಾಗಿ, ಮನುಷ್ಯನ ಹಾಗೆ ಮಾತಾಡುವ ಪಾತ್ರ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಇದೊಂದನ್ನು ನಾನೇ ಮಾತಾಡುತ್ತೇನೆ ಎಂದು ನಿರ್ದೇಶಕರ ಹತ್ತಿರ ಅಂಗಲಾಚಿದ್ದರು. ನಿರ್ದೇಶಕರು ಒಂದು ದಿನ ಬಿಟ್ಟುಕೊಟ್ಟರು. ಸಂಜೆ ನಿರ್ಮಾಪಕರು ಬಂದು ರೆಕಾರ್ಡಿಂಗ್ ಕೇಳುತ್ತಾರೆ, ಧ್ವನಿ ಯಾರದೆಂದು ಅವರಿಗೆ ನಾನು ಹೇಳುವುದಿಲ್ಲ, ಅವರು ಮುಖ ಸಿಂಡರಿಸಿದರೆ ನಾಳೆ ಹೊಸಬ ಬರುತ್ತಾನೆ, ಆಮೇಲೆ ನನ್ನನ್ನು ದೂರಬೇಡಿ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಊಟದ ಹೊತ್ತು ಕಳೆದ ಮೇಲೆ ಕಂಠ ಬಂದ. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಇಂಜಿನಿಯರಮ್ಮನ ಪಕ್ಕ ಕೂತು ಒಂದು ಟೇಕ್ ಕೇಳಿದ. ಎರಡನೆಯದು ಶುರುವಾಗುವ ಮುಂಚೆಯೇ ಎದ್ದು ಒಳಗೆ ಬಂದು, ಸಾಹೇಬರ ಕಿವಿಯ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟ.

"ಯಾರನ್ನ ಮಿಮಿಕ್ರಿ ಮಾಡ್ತಾ ಇದ್ದೀಯ?" ಎಂದು ಪಿಸುಗುಟ್ಟಿದ.

"ನಿನ್ನನ್ನೇ ಕಣಯ್ಯಾ. ಜನಕ್ಕೆ ಗೊತ್ತಿರೋದು ಅದೇ ಧ್ವನಿ ತಾನೆ?"

"ನನ್ನ ಹತ್ರಾನೇ ಇಲ್ಲದ್ದನ್ನ ನೀನು ಎಲ್ಲಿಂದ ತರ್ತೀಯೋ?" ಕಂಠ ನೀರು ಗುಟುಕರಿಸಿ ಸುಧಾರಿಸಿಕೊಂಡ. "ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗ್ತಿದ್ದಾಗ ನೀನು ಕೈ ಹಿಡ್ಕೊಂಡು ನನಗೂ ಇದೇ ಮಾತು ಹೇಳಿದ್ದೆ. ಅವತ್ತು ಯಾವ ಧ್ವನೀಲಿ ಹೇಳಿದ್ದೆ?"

ಸಾಹೇಬರು ತಲೆ ತಗ್ಗಿಸಿದರು. ಗೆಳೆಯ ಸ್ಟ್ರೆಚರ್ ಮೇಲೆ ಹೋಗುತ್ತಿದ್ದಾಗ ಗಂಟಲು ಅದುಮಿಕೊಳ್ಳಬೇಕೆಂಬುದೇ ಅವರಿಗೆ ಹೊಳೆದಿರಲಿಲ್ಲ. ಸುತ್ತ ನರ್ಸುಗಳು ನಿಂತಿದ್ದದ್ದೂ ಗಮನಕ್ಕೆ ಬಂದಿರಲಿಲ್ಲ.

"ಪೀಪೀಲೇ" ಎಂದರು ಮೆಲ್ಲಗೆ.

"ಹೂಂ. ಅದನ್ನ ಕೇಳಿದ ಮೇಲೇ ನನಗೆ ಜೀವದಲ್ಲಿ ಜೀವ ಬಂದಿದ್ದು" ಎಂದು ಹೇಳಿ ಕಂಠ ಹೊರಗೆ ಹೋದ.

ಮುಂದಿನ ಟೇಕಿನಲ್ಲಿ ಒಂದು ತೆಳ್ಳನೆಯ ಧ್ವನಿ ಬಂದಾಗ ಇಂಜಿನಿಯರಮ್ಮ ಗಾಬರಿಯಾಗಿ ತಲೆಯೆತ್ತಿ, ಒಳಗೆ ಬೇರೆ ಯಾರಾದರೂ ನುಗ್ಗಿದ್ದಾರೆಯೇ ಎಂದು ಇಣುಕಿದಳು. ಸಾಹೇಬರೊಬ್ಬರೇ ಇದ್ದರು. ಧ್ವನಿ ನಡುವೆ ಒಂದು ಕಡೆ ಸಣ್ಣಗೆ ಒಡೆಯಿತು. ಇನ್ನೊಂದ್ಸಲ ಅನ್ನುತ್ತಾಳೇನೋ ಎಂದು ಸಾಹೇಬರು ಕಾದರು. ಅವಳು ಅನ್ನಲಿಲ್ಲ. ಉಳಿದ ದೃಶ್ಯಗಳೂ ಅದೇ ಧಾಟಿಯಲ್ಲಿ ಸರಾಗವಾಗಿ ಮುಗಿದವು.

ಸಂಜೆ ನಿರ್ಮಾಪಕರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಸಾಹೇಬರು ಹಿಂದಿನ ಸಾಲಿನಲ್ಲಿ ಕಂಠನ ಪಕ್ಕ ಮುದುಡಿ ಕೂತಿದ್ದರು. ಆಸ್ಪತ್ರೆಯ ದೃಶ್ಯ ಬಂತು, ಮಾತು ಬಂತು. ಈಗ ನಗುತ್ತಾರೆ, ಇನ್ನೇನು ನಕ್ಕೇಬಿಟ್ಟರು ಎಂದು ಸಾಹೇಬರು ಕಂಠನ ಮೊಣಕೈ ಹಿಡಿದುಕೊಂಡರು. ಯಾರೂ ನಗಲಿಲ್ಲ. ದೀಪ ಹಾಕಿದಾಗ ನಿರ್ಮಾಪಕರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಸಬನಿಗೆ ನಾಳೆ ಬರುವುದು ಬೇಡವೆಂದು ಹೇಳಿಬಿಡಿ ಎಂದು ನಿರ್ದೇಶಕರಿಗೆ ಹೇಳಿದರು. ಸಾಹೇಬರಿಗೆ ಬೆನ್ನ ಮೇಲಿಂದ ಮೂಟೆ ಇಳಿಸಿದಷ್ಟು ಹಗುರಾಯಿತು. ಉಸಿರು ಬಿಟ್ಟದ್ದು ಪಕ್ಕದ ಕಂಠನಿಗೂ ಕೇಳಿಸಿತು.

ನಿರ್ಮಾಪಕರು ಹಿಂದಕ್ಕೆ ತಿರುಗಿದರು.

"ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆಯಲ್ಲ ಸಾಹೇಬ್ರೇ ಈ ಧ್ವನಿ! ಯಾರು ಈ ಮನುಷ್ಯ? ಇಷ್ಟು ವರ್ಷ ಎಲ್ಲಿದ್ರು?"