ಪೂಜೆಯ ಬೋರ್ಡು

ಮೇಘಾಳ ಬೋರ್ಡು ಮತ್ತೆ ಕೆಂಪಾಯಿತು. ಕ್ಯಾಮೆರಾದ ಕೆಳಗೆ ಇಟ್ಟದ್ದೇ ತಡ, ಪರದೆಯ ಮೇಲೆ ಬೆಸುಗೆ ಇದ್ದ ಜಾಗಕ್ಕೆಲ್ಲ ಒಂದೊಂದು ಕೆಂಪು ಚೌಕ ಬಿತ್ತು. ಎಲ್ಲ ಚೌಕಕ್ಕೂ ಅದೇ ತಕರಾರು: ಬೆಸುಗೆ ಕಡಿಮೆ. ಮುಂಜಾನೆಯಿಂದ ಬೆಸುಗೆ ಪರೀಕ್ಷಿಸುವ ಯಂತ್ರದ್ದು ಇದೊಂದೇ ರಾಗ.

"ಇನ್ನೊಂದ್ಸಲ ನೋಡ್ರಿ ಅಕ್ಕಾ."

ಪರದೆಯ ಮುಂದೆ ಕೂತಿದ್ದ ಗಂಗೋತ್ರಿ ಇನ್ನೊಂದು ಸಲ ನೋಡಿದಳು. ಯಂತ್ರಕ್ಕೆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಮತ್ತೂ ಕೆಂಪೇ.

ಬಳ್ಳಾರಿಯ ಆ ಶೆಡ್ಡಿನಲ್ಲಿ ತಯಾರಾಗುವುದು ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೆ ಹಾಕುವ ಬೋರ್ಡು. ಇಲ್ಲಿ ಒಂದು ಬೆಸುಗೆ ಬಿಟ್ಟುಕೊಂಡರೆ ಅಲ್ಲಿ ಕರೂರಿನ ಗದ್ದೆಗೆ ನೀರಿಲ್ಲ. ಮೇಘಾ ಐಟಿಐ ಮುಗಿಸಿ ಮೊನ್ನೆ ಮೊನ್ನೆ ಸೇರಿದವಳು, ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಸೂಪರ್‌ವೈಸರ್ ಚನ್ನಬಸವರಾಜ ಊಟದ ಹೊತ್ತಿಗೆ ಬಂದು, "ಸಂಜಿಮಟ ನೋಡ್ತೀನವ್ವ. ಹಸಿರು ಬರಲಿಲ್ಲಂದ್ರ ನಾಳಿಂದ ಬರಬ್ಯಾಡ" ಎಂದು ಹೇಳಿ ಹೋಗಿದ್ದ. ಕೆಟ್ಟವನೇನಲ್ಲ, ಅವನೂ ಮೇಲಿನವರಿಗೆ ಉತ್ತರ ಕೊಡಬೇಕು.

"ನಾಳಿಂದ ಮೆಣಸಿನಕಾಯಿ ಬಿಡಿಸಾಕ ನಡಿ ಅಂತಾಳ ನಮ್ಮವ್ವ," ಎಂದಳು ಮೇಘಾ. "ಹೋಗ್ತೀನ್ರಿ, ಅದನ್ನೂ ಮಾಡೀನಿ. ಆದ್ರ ಈ ಕೆಲಸ ನನಗ ಬರತೈತ್ರಿ ಅಕ್ಕಾ. ಬರಂಗಿಲ್ಲಂದ್ರ ಸುಮ್ನ ಹೋಗ್ತಿದ್ದೆ." ಅಷ್ಟು ಹೇಳಿ, ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡಳು.

ಆ ಮಾತು ಗಂಗೋತ್ರಿಗೆ ತಟ್ಟಿತು. ಯಾಕೆಂದರೆ ಯಂತ್ರಕ್ಕೆ ಒಳ್ಳೆಯ ಬೆಸುಗೆ ಯಾವುದೆಂದು ತಾನಾಗಿ ಏನೂ ಗೊತ್ತಿಲ್ಲ. ಅದು ಶೆಡ್ಡಿಗೆ ಬಂದ ದಿನ ಒಂದು ಬೋರ್ಡು ತೋರಿಸಿ, ಹೀಗಿದ್ದರೆ ಸರಿ, ಹೀಗಿಲ್ಲದಿದ್ದರೆ ತಪ್ಪು ಎಂದು ಕಲಿಸಿದ್ದರು. ಯಾರ ಬೋರ್ಡು ತೋರಿಸುವುದು ಎಂದು ಅವತ್ತು ಯಾರೂ ಎರಡು ಮಾತಾಡಲಿಲ್ಲ. ಗಂಗೋತ್ರಿಯ ಕೈ ಅಂದರೆ ಕೈ. ಆಮೇಲೆ ಅವಳ ಕಣ್ಣು ಮಂಜಾಗಿ, ಬೆಸುಗೆ ಬಿಟ್ಟು ಪರದೆಯ ಮುಂದೆ ಕೂತಳು. ಅವಳ ಬೋರ್ಡು ಗಾಜಿನ ಪೆಟ್ಟಿಗೆ ಸೇರಿತು. ಪ್ರತಿ ಆಯುಧಪೂಜೆಗೆ ಅದರ ಅಂಚಿಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಶೆಡ್ಡಿನ ಉಳಿದ ಹೆಣ್ಣುಮಕ್ಕಳೆಲ್ಲ ಅವಳ ಹತ್ತಿರವೇ ಕಲಿತವರು, ಅವರದು ದಿನಾ ಹಸಿರು. ಹೊರಗೆ ಕಲಿತು ಬಂದವಳು ಮೇಘಾ ಒಬ್ಬಳೇ.

ಗಂಗೋತ್ರಿ ಮೇಘಾಳ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಬಿಡಿಭಾಗದ ತಂತಿಕಾಲಿನ ಸುತ್ತ ಬೆಸುಗೆ ಇಳಿಜಾರಾಗಿ ಹರಿದು ತಾಮ್ರಕ್ಕೆ ಕಚ್ಚಿಕೊಂಡಿತ್ತು, ಕಾಲಿನ ತುದಿ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಪೆಟ್ಟಿಗೆ ತೆರೆದು ತನ್ನ ಬೋರ್ಡು ತೆಗೆದಳು. ತನ್ನ ಬೆಸುಗೆಗಳು ಬೂಂದಿ ಕಾಳಿನಂತೆ ದುಂಡಗೆ, ತುಂಬಿಕೊಂಡು ಹೊಳೆಯುತ್ತಿದ್ದವು. ಜಾಸ್ತಿ ಹಾಕಿದಷ್ಟೂ ಗಟ್ಟಿ ಎಂದು ನಂಬಿದ್ದ ಕಾಲ ಅದು. ಚಂದ ಇದ್ದವು, ಸುಳ್ಳು ಯಾಕೆ ಹೇಳಬೇಕು. ಬೋರ್ಡು ಮಗುಚಿ, ಚಿಮುಟದಿಂದ ಒಂದು ಕಾಲನ್ನು ಮೆಲ್ಲಗೆ ತಳ್ಳಿದಳು. ಹಾಲುಹಲ್ಲು ಅಲುಗಿದ ಹಾಗೆ ಅಲುಗಿತು. ಬೆಸುಗೆ ಮೇಲೆ ಕೂತಿತ್ತೇ ಹೊರತು ಒಳಗೆ ಹಿಡಿದಿರಲಿಲ್ಲ. ಮೇಘಾಳದ್ದನ್ನು ತಳ್ಳಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮೊದಲು ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಆಮೇಲೆ ನಾಚಿಕೆಯಾಯಿತು. ಹುಡುಗಿ ಇನ್ನೂ ಕಿಟಕಿಯ ಕಡೆಗೇ ನಿಂತಿದ್ದಳು, ಏನೂ ನೋಡಿರಲಿಲ್ಲ. ಬೋರ್ಡನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರೆ ಆಯಿತು. ಸಂಜೆ ಇವಳು ಕುರುಗೋಡಿನ ಬಸ್ಸು ಹತ್ತುತ್ತಾಳೆ, ನಾಳೆಯಿಂದ ಶೆಡ್ಡಿನ ತುಂಬ ಹಸಿರೇ ಹಸಿರು. ಗಂಗೋತ್ರಿ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿ, ಬೋರ್ಡನ್ನು ಮೇಜಿನ ಮೇಲೆಯೇ ಇಟ್ಟಳು. ಆಮೇಲೆ, "ಚನ್ನಬಸವರಾಜನ್ನ ಕರಕೊಂಬಾ ಹೋಗು" ಎಂದಳು.

ಅವನು ಬಂದು, ತನ್ನ ಬೋರ್ಡಿನ ಕಾಲು ಅಲುಗುತ್ತದೆ, ಅದನ್ನು ಅಳತೆಗೆ ಹಿಡಿಯಬೇಡಿ ಎಂದು ಗಂಗೋತ್ರಿ ಹೇಳಿದ್ದನ್ನು ಕೇಳಿಸಿಕೊಂಡ. ನಂಬಿಕೆ ಬರಲಿಲ್ಲ. "ಅಕ್ಕಾ, ಅದು ಪೂಜಿ ಬೋರ್ಡ್ರಿ. ಅದನ್ನ ತಗದ್ರ ನಾಳಿ ಉಳಿದವ್ರದೆಲ್ಲ ಕೆಂಪ ಬರತೈತಿ."

"ಬರಲಿ. ಅವ್ರಿಗೆ ಕಲಿಸಿದಾಕಿ ನಾನ, ತಿದ್ದಾಕಿನೂ ನಾನ."

"ಮತ್ತ ಪೂಜಿ?"

"ಪೂಜಿ ಮಾಡ್ರಿ, ಯಾರ್ ಬ್ಯಾಡಂದ್ರು? ಅಳತಿಗೆ ಹಿಡೀಬ್ಯಾಡ್ರಿ ಅಂದೆ, ಅಷ್ಟ."

ಚನ್ನಬಸವರಾಜ ಚಿಮುಟ ಇಸಿದುಕೊಂಡು ತಾನೇ ಆ ಕಾಲನ್ನು ತಳ್ಳಿ ನೋಡಿದ. ಇನ್ನೊಂದನ್ನೂ ತಳ್ಳಿದ. ಆಮೇಲೆ ಚಿಮುಟವನ್ನು ಮೇಜಿನ ಮೇಲಿಟ್ಟು, "ಹಂಗಾರ ಹೊಸದು ಕಲಿಸ್ರಿ ಅಕ್ಕಾ ಅದಕ್ಕ" ಎಂದ.

ಗಂಗೋತ್ರಿ ಯಂತ್ರಕ್ಕೆ ಮೇಘಾಳ ಬೋರ್ಡು ತೋರಿಸಿ, ಇದು ಸರಿ ಎಂದು ಕಲಿಸಿದಳು. ಮುಂಜಾನೆಯಿಂದ ಪಕ್ಕಕ್ಕಿಟ್ಟಿದ್ದ ಹುಡುಗಿಯ ಬೋರ್ಡುಗಳು ಒಂದರ ಹಿಂದೆ ಒಂದು ಹಸಿರಾದವು. ಮೇಘಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕೊನೆಗೆ ಗಂಗೋತ್ರಿ ಕುಂಕುಮ ಹಚ್ಚಿದ ತನ್ನ ಬೋರ್ಡನ್ನು ಕ್ಯಾಮೆರಾದ ಕೆಳಗೆ ಇಟ್ಟಳು. ಪರದೆ ತುಂಬ ಕೆಂಪು ಚೌಕಗಳು ಬಿದ್ದವು.

"ತಗೀರಿ ಅಕ್ಕಾ ಅದನ್ನ," ಎಂದಳು ಮೇಘಾ ಸಂಕಟಪಟ್ಟು. "ಯಾಕ ಸುಮ್ನ?"

ಗಂಗೋತ್ರಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ತಡಿಯವ್ವ, ನೋಡೋಣು. ಇಷ್ಟು ವರ್ಷದಾಗ ನಾ ನೋಡದ ಬಿಟ್ಟ ಬೋರ್ಡು ಇದೊಂದ."