ಗಂಗೆ ಶುರುವಾಗುವುದೆಲ್ಲಿ?

"ತಪ್ಪು!" ಎಂದ ಟಿವಿಯೊಳಗಿನ ನಿರೂಪಕ.

ನಿರಾಪದ ಸಮಾದ್ದಾರರ ಕೈಯಲ್ಲಿದ್ದ ಮಂಡಕ್ಕಿ ಬಟ್ಟಲು ಹಾರಿ ಅವನ ಹಣೆಗೇ ಬಡಿಯಿತು. ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ಉತ್ತರ ಕೋಲ್ಕತ್ತದ ಮೂರು ಬೀದಿ ದಾಟಿತು. ನಂಬದವರು ಬಂದು ಕೇಳಲಿ, ಎರಡು ಕಾಳು ನನ್ನ ಚಹಾದಲ್ಲೇ ಬಿದ್ದವು.

"ಥೂ! ಇದೂ ಒಂದು ಪ್ರಶ್ನೆಯಾ? 'ಗಂಗಾ ನದಿ ಶುರುವಾಗುವುದು ಎಲ್ಲಿ?' ಹೇಸಿಗೆ! ಗೋಮುಖದಿಂದ ಹೊರಡೋದು ಭಾಗೀರಥಿ ಕಣೋ ಮುಠ್ಠಾಳ! ದೇವಪ್ರಯಾಗದಲ್ಲಿ ಅಲಕನಂದಾ ಬಂದು ಸೇರಿದ ಮೇಲೇನೇ ಅದು ಗಂಗೆ. ದೇವಪ್ರಯಾಗ ತಪ್ಪಂತೆ!"

ಪಕ್ಕದಲ್ಲಿ ಹೆಂಡತಿ ಶೇಫಾಲಿ ಕೂತಿದ್ದಳು. ಪರದೆಯ ಮೇಲೂ ಅವಳೇ ಇದ್ದಳು. ತಿಂಗಳ ಹಿಂದೆ ಚಿತ್ರೀಕರಣವಾದ ರಸಪ್ರಶ್ನೆ ಸೆಮಿಫೈನಲ್, ಎದುರಿಗೆ ಆಸನ್‌ಸೋಲ್‌ನ ಗೌರಹರಿ ಮೇಷ್ಟರು. ಪ್ರಸಾರವಾಗುವ ತನಕ ಬಾಯಿ ಬಿಡುವುದಿಲ್ಲವೆಂದು ಬರೆದುಕೊಟ್ಟಿದ್ದವಳು ಗಂಡನಿಗೂ ಏನೂ ಹೇಳಿರಲಿಲ್ಲ. ಇಬ್ಬರ ಅಂಕವೂ ಸಮಸಮ, ಉಳಿದದ್ದು ಒಂದೇ ಪ್ರಶ್ನೆ. ಮೊದಲು ಬಜರ್ ಒತ್ತಿದವರು ದೇವಪ್ರಯಾಗ ಎಂದರು. ತಪ್ಪು ಎಂದಾಗ ಪ್ರಶ್ನೆ ಎದುರಾಳಿಗೆ ಹೋಯಿತು. ಗೋಮುಖ ಎಂಬ ಉತ್ತರ ಬಂತು, ಚಪ್ಪಾಳೆ ಬಿತ್ತು. ಫೈನಲ್‌ಗೆ ಹೋಗುವವರು ಯಾರೆಂಬುದು ಆ ಒಂದು ಉತ್ತರದಲ್ಲಿ ತೀರ್ಮಾನವಾಯಿತು.

"ಹೋಗಲಿ ಬಿಡಿ," ಎಂದಳು ಶೇಫಾಲಿ. "ತೀರ್ಪು ಆಗೋಯ್ತಲ್ಲ."

"ಬಿಡೋದಾ? ನನ್ನ ಹೆಣ ಬಿದ್ದ ಮೇಲೆ ಬಿಡ್ತೀನಿ!"

"ನನ್ನ ಜಾಮ್ದಾನಿ ಸೀರೆ ಇಸ್ತ್ರಿ ಆಗಿ ಬಂತಾ?"

"ಸೀರೆಯಂತೆ ಸೀರೆ! ಇಲ್ಲಿ ಭೂಗೋಳಕ್ಕೇ ಬೆಂಕಿ ಬಿದ್ದಿದೆ!"

ಈ ಊರಿನಲ್ಲಿ ಕೂಸುಗಳು ಹುಟ್ಟಿದ ಕೂಡಲೇ ಅಳುವುದಿಲ್ಲ, ರಾಜಧಾನಿಗಳ ಹೆಸರು ಹೇಳುತ್ತವೆ. ಅಂಥ ಊರಿಗೇ ಗುರು ಶೇಫಾಲಿ. ಒಂದು ಕೈಯಲ್ಲಿ ಬೇಳೆ ತಿರುವುತ್ತ, ಇನ್ನೊಂದರಲ್ಲಿ ಪುಟ ತಿರುವುತ್ತ ನಾಲ್ಕು ಸಾವಿರ ಪುಸ್ತಕ ನುಂಗಿದವಳು. ಆದರೂ ಅವಳ ಹೆಸರು ಅಚ್ಚಾಗಿದ್ದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಫೈನಲ್ ಆಡಬೇಕೆಂಬುದೊಂದೇ ಅವಳ ಜನ್ಮದ ಆಸೆ. ನಿರಾಪದರೋ, ಇಲಿಶ್ ಮೀನು ಗಂಗೆಯದು ರುಚಿಯೋ ಪದ್ಮಾ ನದಿಯದೋ ಎಂಬಲ್ಲಿಂದ ಹಿಡಿದು ಮೂವತ್ತೊಂದು ವರ್ಷ ಅವಳೊಂದಿಗೆ ವಾದಿಸಿ, ಒಂದನ್ನೂ ಗೆದ್ದವರಲ್ಲ. ಬೀದಿಯ ಬೆಕ್ಕುಗಳಿಗೂ ಅದು ಗೊತ್ತು.

ಸೋಮವಾರ ಬೆಳಿಗ್ಗೆ ನಿರಾಪದ ಹನ್ನೊಂದು ಪುಸ್ತಕ, ಎರಡು ಭೂಪಟ ಹೊತ್ತು ಹೊರಟರು. ಟ್ರಾಮ್ ಒಂದು ಪಕ್ಕಕ್ಕೆ ವಾಲಿತು.

ಚಹಾದಂಗಡಿಯ ಪಟ್ಲಾ ಕೂಗಿದ. "ನಿರಾಪದ-ದಾ, ದಂಡಯಾತ್ರೆ ಎಲ್ಲಿಗೆ?"

"ಟಿವಿಯವರ ಹತ್ರ. ನಿನ್ನೆ ನೋಡಿದೆಯಲ್ಲ ಅನ್ಯಾಯ?"

ಪಟ್ಲಾ ಕೆಟಲಿ ಕೆಳಗಿಟ್ಟ. "ಬೌದಿಗೆ ಗೊತ್ತಾ?"

"ಸತ್ಯ ಹೇಳೋಕೆ ಹೆಂಡತಿ ಅಪ್ಪಣೆ ಬೇಕೇನೋ?"

"ಅಬ್ಬಬ್ಬಾ! ಇಂಥ ಗಂಡ ಇನ್ನೊಬ್ಬ ಹೆಂಗಸಿಗೆ ಸಿಗಲಿಕ್ಕಿಲ್ಲ ಬಿಡಿ," ಎಂದು ಪಟ್ಲಾ ಎರಡೂ ಕೈ ಮುಗಿದ.

ಸ್ಟುಡಿಯೊ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಸೋಫಾ ಮೇಲೆ ಯಾರೋ ಅರ್ಧ ತಿಂದು ಬಿಟ್ಟ ಮೊಟ್ಟೆ ರೋಲು, ಲೋಟದಲ್ಲಿ ನೊಣ ಸತ್ತ ಚಹಾ. ನಿರಾಪದ ಮೂಗು ಮುಚ್ಚಿ ಕೂತರು. ಎದುರಿಗೆ ಕಾರ್ಯಕ್ರಮದ ಉಸ್ತುವಾರಿಯ ಹುಡುಗಿ ತೂಲಿಕಾ, ಅವಳ ಪಕ್ಕ ಇಬ್ಬರು ಪಂಡಿತರು.

"ನದಿ ಅಂದರೆ ನೀರು," ಎಂದರು ಮೊದಲ ಪಂಡಿತರು. "ನೀರು ಹೊರಡೋ ಕಡೆ ನದಿ ಶುರು."

"ನೀರೇ ಲೆಕ್ಕ ಅಂದ್ರೆ ಅಲಕನಂದಾದಲ್ಲೇ ಜಾಸ್ತಿ ನೀರು! ಆಗ ನಿಮ್ಮ ಗೋಮುಖವೂ ತಪ್ಪು!"

"ಮಗು ಹುಟ್ಟೋದು ಮೊದಲು, ಹೆಸರಿಡೋದು ಆಮೇಲೆ," ಎಂದರು ಎರಡನೆಯವರು.

"ನಿಮ್ಮ ಮಗು ಇಬ್ಬರು ತಾಯಂದಿರ ಹೊಟ್ಟೇಲಿ ಹುಟ್ಟಿತಾ, ಮಶಾಯ್?"

ಮೂರು ಗಂಟೆ ನಡೆಯಿತು ಯುದ್ಧ. ಒಬ್ಬ ಪಂಡಿತರ ಹಲ್ಲುಸೆಟ್ಟು ಜಾರಿತು, ಇನ್ನೊಬ್ಬರು ರಾಜೀನಾಮೆ ಬರೆದು ಹರಿದರು. ಕೊನೆಗೆ ತೂಲಿಕಾ ಹಣೆ ಒತ್ತಿಕೊಂಡಳು.

"ಕಾಕು, ಮನೇಲಿ ಹೇಳಿ ಬಂದಿದೀರಾ? ಇನ್ನೊಂದ್ಸಲ ಯೋಚನೆ ಮಾಡಿ."

"ಮಾಡಿದೀನಮ್ಮ. ಮೂವತ್ತೊಂದು ವರ್ಷ."

ಅವಳು ದೀರ್ಘವಾಗಿ ಉಸಿರು ಬಿಟ್ಟಳು. "ಸರಿ. ದೇವಪ್ರಯಾಗವೂ ಸರಿಯುತ್ತರವೇ. ಹಾಗಾದ್ರೆ ಮೊದಲು ಬಜರ್ ಒತ್ತಿದವರೇ ಫೈನಲ್‌ಗೆ. ಈಗಲೇ ಇಬ್ಬರಿಗೂ ಫೋನ್ ಮಾಡ್ತೀನಿ."

ನಿರಾಪದ ಮಣ್ಣಿನ ಕುಡಿಕೆಯಲ್ಲಿ ರಸಗುಲ್ಲಾ ಕಟ್ಟಿಸಿಕೊಂಡರು. ಹೂಗ್ಲಿ ನದಿಯೇ ಎದ್ದು ನಿಂತು ದಾರಿ ಬಿಟ್ಟಂತೆ ಬೀದಿಯ ನಡುವೆ ನಡೆದರು.

ಮನೆಯಲ್ಲಿ ಶೇಫಾಲಿ ಇಸ್ತ್ರಿಯಾಗಿ ಬಂದ ಜಾಮ್ದಾನಿಯನ್ನು ಹೆಗಲಿಗೆ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು. ನಿರಾಪದ ಹೊಸಿಲು ದಾಟುವುದಕ್ಕೂ ಫೋನ್ ಬಡಿಯುವುದಕ್ಕೂ ಸರಿಹೋಯಿತು. ಕೈ ತುಂಬ ಸೀರೆಯಿದ್ದುದರಿಂದ ಅವಳು ಅದನ್ನು ಮೇಜಿನ ಮೇಲಿಟ್ಟೇ ಜೋರಾಗಿ ಕೇಳುವಂತೆ ಒತ್ತಿದಳು.

"ಕಾಕಿಮಾ, ಕ್ಷಮಿಸಿ," ಎಂದಿತು ತೂಲಿಕಾಳ ದನಿ. "ನೀವು ಗೋಮುಖ ಅನ್ನೋಕೆ ಮೊದಲೇ ಗೌರಹರಿ ಮೇಷ್ಟರು ದೇವಪ್ರಯಾಗ ಅಂದಿದ್ರಲ್ಲ, ಅದೂ ಸರಿ ಅಂತ ತೀರ್ಮಾನ ಆಯ್ತು. ನಿಮ್ಮ ಗೆಲುವು ರದ್ದು. ಫೈನಲ್‌ಗೆ ಬರೋದು ಅವರು."

ಶೇಫಾಲಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೀರುವಿನೊಳಗಿಟ್ಟಳು. ರಸಗುಲ್ಲಾದಲ್ಲಿ ಜಿರಲೆ ಕಂಡವಳಂತೆ ಗಂಡನನ್ನು ನೋಡಿದಳು.

ನಿರಾಪದ ಕುಡಿಕೆ ಮುಂದಕ್ಕೆ ಚಾಚಿದರು. "ಈಗಲಾದರೂ ಒಪ್ಕೋ ಶೇಫಾಲಿ, ಈ ಸಲ ನಾನು ಹೇಳಿದ್ದೇ ಸರಿ ತಾನೆ?"