ಚೆನ್ನವ್ವನ ಹೆಸರಿನ ರಾಣಿಯರು

ಬೇವಿನೆಲೆ ಸುಟ್ಟ ಹೊಗೆ ಮೂಗಿಗೆ ಬಡಿದರೆ ಈಗಲೂ ತುಕ್ಕಾನಟ್ಟಿಯ ಹೊಲದಲ್ಲಿದ್ದ ನಮ್ಮ ಗುಡಿಸಲು ಕಣ್ಣಮುಂದೆ ಬರುತ್ತದೆ.

ಊರಿಗೆ ಪ್ಲೇಗು ಬಂದಾಗ ನಾವೆಲ್ಲ ಮನೆ ಬಿಟ್ಟು ಹೊಲಕ್ಕೆ ಹೋಗಿದ್ದೆವು. ಅಲ್ಲಿಯೇ ನನ್ನ ಅಕ್ಕ ಚೆನ್ನವ್ವನಿಗೆ ಜ್ವರ ಬಂದು, ಬಗಲಲ್ಲಿ ಗಡ್ಡೆ ಎದ್ದಿತು. ಮದ್ದು ಯಾರ ಹತ್ತಿರವೂ ಇರಲಿಲ್ಲ. ಅಜ್ಜ ಬೇವಿನೆಲೆಯ ಹೊಗೆ ಹಾಕಿ ತಾನೊಬ್ಬನೇ ಒಳಗಿದ್ದು, ಅವ್ವನನ್ನೂ ನನ್ನನ್ನೂ ಬಾಗಿಲಲ್ಲೇ ಕೂರಿಸಿದ್ದ. ಆ ಮಧ್ಯಾಹ್ನ ಒದ್ದೆ ಅರಿವೆಯಿಂದ ಅಕ್ಕನ ಹಣೆ ಒರೆಸುತ್ತ ಅವನು ಕತೆ ಹೇಳತೊಡಗಿದ.

“ನಿನ್ನ ಹೆಸರಿನಾಕಿ ಕಿತ್ತೂರಾಗ ರಾಣಿ ಇದ್ದಳವ್ವಾ. ಇಂಗ್ರೇಜರಿಗೆ ಅಂಜಲಿಲ್ಲ. ಅದಕ್ಕೂ ಮೊದಲ ಕೆಳದಿಯಾಗ ಇನ್ನೊಬ್ಬಾಕಿ ಇದ್ದಳು. ಆಕಿ ದಿಲ್ಲಿ ಬಾದಶಹಾಗೂ ಅಂಜಲಿಲ್ಲ. ನೀನೂ ಅಂಜಬ್ಯಾಡ.”

ಅಕ್ಕ ಕಷ್ಟಪಟ್ಟು ಕಣ್ಣು ತೆರೆದಳು. “ಅವರ ಕಡೆ ಫೌಜ್ ಇತ್ತಲ್ಲ ಅಜ್ಜಾ,” ಅಂದಳು.

ಅಜ್ಜ ಅರಿವೆಯನ್ನು ಮತ್ತೆ ನೀರಿಗದ್ದಿ ಹಿಂಡಿದ. “ನಿನ್ನ ಕಡೆ ನಾ ಅದೀನಲ್ಲ,” ಅಂದು ಮತ್ತೆ ಕಿತ್ತೂರಿನ ಕೋಟೆಯಿಂದ ಕತೆ ಸುರು ಮಾಡಿದ. ಕುದುರೆ, ಕತ್ತಿ, ತೋಪು ಎಲ್ಲ ಬಂದವು. ಅಕ್ಕ ಈಗ ಕಣ್ಣು ತೆರೆಯಲಿಲ್ಲ. ಅವಳ ಎದೆಯ ಮೇಲಿನ ಕೌದಿ ಏರಿಳಿಯುವುದು ನಿಂತಿತ್ತು. ಅಜ್ಜ ಹೇಳುತ್ತಲೇ ಇದ್ದ.

ಕೊನೆಗೆ ಅವ್ವ ನನ್ನ ಕೈ ಬಿಟ್ಟು ಒಳಗೆ ಹೋದಳು.

“ಸಾಕ್ರಿ ಮಾವಾರ,” ಅಂದಳು. “ಆಕಿಗೆ ಇನ್ನ ಕೇಳಸೂದಿಲ್ಲ.”